ಬ್ರೇಕ್ ತುಳಿಯಲು ಒಬ್ಬರು

ಎಲ್ಲದಕ್ಕೂ ಕಾರಣ ಒಂದು ನವಿಲು. ಮಡತ್ತುಕುಳಂ ಬಿಟ್ಟು ಉಡುಮಲೈ ಕಡೆ ಹೋಗುವ ರಸ್ತೆಯ ನಟ್ಟನಡುವೆ ಅದು ಬಾಲ ಎಳೆದುಕೊಂಡು ಬಂದು ನಿಂತಿತು. ನಿಂತು, ಎದುರಿಗೆ ಬರುತ್ತಿದ್ದ ಓಬೀರಾಯನ ಕಾಲದ ಮೆಟಡಾರ್ ವ್ಯಾನನ್ನು ‘ಇದಿನ್ನೂ ಓಡುತ್ತಾ?’ ಅನ್ನುವ ಹಾಗೆ ನೋಡಿತು. ಒಳಗಿದ್ದ ಸಣ್ಣೇಗೌಡ ಬ್ರೇಕ್ ತುಳಿದ. ಪೆಡಲ್ಲು ಸೀದಾ ನೆಲ ಮುಟ್ಟಿತು. ಇನ್ನೊಮ್ಮೆ ತುಳಿಯೋಣವೆಂದರೆ ಅದು ಮೇಲಕ್ಕೇ ಬಂದಿರಲಿಲ್ಲ.

ಹ್ಯಾಂಡ್ ಬ್ರೇಕ್ ಇತ್ತು, ಇಲ್ಲವೆನ್ನಲಾಗದು. ಆದರೆ ಬಹಳ ವರ್ಷಗಳಿಂದ ಅದು ಟವೆಲ್ಲು ಒಣಹಾಕುವುದಕ್ಕೆ ಮಾತ್ರ ಬಳಕೆಯಲ್ಲಿತ್ತು. ಸಣ್ಣೇಗೌಡ ‘ಲೇ ಲೇ ಲೇ, ಅತ್ಲಾಗ್ ಹೋಗ್ಲಾ’ ಎಂದು ನವಿಲಿಗೆ ಅಪ್ಪಟ ಮಂಡ್ಯದ ಕನ್ನಡದಲ್ಲಿ ಕೂಗುತ್ತ ಸ್ಟೀರಿಂಗನ್ನು ಎಡಕ್ಕೆ ತಿರುವಿದ. ಎಡಗಡೆ ಒಂದು ತೆಂಗಿನ ನಾರಿನ ಕಾರ್ಖಾನೆ, ಅದರ ಅಂಗಳದಲ್ಲಿ ಕಾಯಿ ಸುಲಿದ ಮಟ್ಟೆಯ ರಾಶಿ, ಮನೆಯೆತ್ತರ. ವ್ಯಾನು ಅದರೊಳಗೆ ಮೂತಿ ತೂರಿಸಿ ನಿಂತಿತು. ನವಿಲು ರಸ್ತೆ ದಾಟಿ ತನ್ನ ಕೆಲಸಕ್ಕೆ ಹೋಯಿತು.

ಸಣ್ಣೇಗೌಡ ಹೆಸರಿಗೆ ಮಾತ್ರ ಸಣ್ಣ. ಕೃಷ್ಣರಾಜಪೇಟೆಯವನು, ವಯಸ್ಸು ನಲವತ್ತಾರು, ದೇಹ ಇಬ್ಬರಿಗೆ ಹಂಚಬಹುದಾದಷ್ಟು. ಅದೇ ವ್ಯಾನಿನಲ್ಲಿ ಊರಿನ ಶಾಲೆಯ ಮಕ್ಕಳನ್ನು ವರ್ಷಾನುಗಟ್ಟಲೆ ಹೊತ್ತವನು. ಶಾಲೆಯವರು ಹಳದಿ ಬಸ್ಸು ಕೊಂಡರು, ವ್ಯಾನಿನ ಕೆಲಸ ಹೋಯಿತು. ಅದೇ ವರ್ಷ ತಾಯಿಯೂ ಹೋದಳು. ತಾಯಿಯನ್ನು ನೋಡಿಕೊಳ್ಳುವುದರಲ್ಲಿ ಅವನ ಮದುವೆ ‘ಮುಂದಿನ ವರ್ಷ, ಮುಂದಿನ ವರ್ಷ’ ಎಂದು ಮುಂದಕ್ಕೆ ಹೋಗಿ, ಕೊನೆಗೆ ಯಾರೂ ಅದರ ಮಾತೆತ್ತದ ಸ್ಥಿತಿಗೆ ಬಂದಿತ್ತು. ಮನೆಯಲ್ಲಿ ಬೈಯುವವರಿಲ್ಲ, ವ್ಯಾನಿನಲ್ಲಿ ಕಿರುಚುವವರಿಲ್ಲ. ಸಂಜೆಯಾದರೆ ಗೋಡೆ ನೋಡುತ್ತ ಕೂರುವುದು ಅವನಿಗೆ ಬೇಜಾರಾಗಿ ಹೋಗಿತ್ತು.

ಅದಕ್ಕೇ ಈ ಯಾತ್ರೆ. ಕ್ಷೌರದಂಗಡಿಯ ಕಟ್ಟೆಯ ಮೇಲೆ ಗೆಳೆಯರೆಲ್ಲ ಸೇರಿ ತೀರ್ಮಾನಿಸಿದ್ದು: ರಾಮೇಶ್ವರ, ಕನ್ಯಾಕುಮಾರಿ, ಅಲ್ಲಿಂದ ಕೋಯಮತ್ತೂರು, ಪಾಲಕ್ಕಾಡು, ಕೇರಳದ ಕಡಲತೀರ ಹಿಡಿದು ಮಂಗಳೂರು, ವಾಪಸು ಊರು. ಹೊರಡುವ ವಾರ ಒಬ್ಬನಿಗೆ ಮಂಡಿನೋವು ಬಂತು, ಇನ್ನೊಬ್ಬನ ಸೊಸೆಗೆ ಹೆರಿಗೆ ಬಂತು, ಮತ್ತೊಬ್ಬನ ಹೆಂಡತಿ ‘ಹೋಗಿ ನೋಡಣ’ ಅಂದಳು. ಆ ‘ನೋಡಣ’ದ ಅರ್ಥ ಅವನಿಗೆ ಗೊತ್ತಿತ್ತು. ಸಣ್ಣೇಗೌಡ ಒಬ್ಬನೇ ಹೊರಟ.

ಒಬ್ಬನೇ ಹೊರಟವನ ಗೋಳು ಹೇಳಿ ಮುಗಿಯುವಂಥದ್ದಲ್ಲ. ಹೋಟೆಲಿನಲ್ಲಿ ಎಲೆ ಹಾಕುವವನು ಅವನ ಹಿಂದೆ ಯಾರಾದರೂ ಬರುತ್ತಾರೇನೋ ಎಂದು ಬಾಗಿಲು ನೋಡುತ್ತಿದ್ದ. ಕನ್ಯಾಕುಮಾರಿಯಲ್ಲಿ ಯಾರೋ ಪುಣ್ಯಾತ್ಮನ ಕೈಗೆ ಫೋನು ಕೊಟ್ಟು ‘ಒಂದು ಫೋಟೋ’ ಅಂದರೆ, ಅವನು ಮೂರು ಸಮುದ್ರವನ್ನೂ ಹಿಡಿದು ಸಣ್ಣೇಗೌಡನ ಒಂದು ಕಿವಿಯನ್ನು ಮಾತ್ರ ಸೇರಿಸಿದ್ದ. ದಾರಿ ತೋರಿಸುವ ಫೋನಿನ ಹೆಂಗಸಿನ ದನಿಯನ್ನು ಅವನು ಕನ್ನಡಕ್ಕೆ ಹಾಕಿಕೊಂಡಿದ್ದ. ನೇರ ರಸ್ತೆ ಬಂದರೆ ಅವಳು ಗಂಟೆಗಟ್ಟಲೆ ಸುಮ್ಮನಾಗುತ್ತಿದ್ದಳು. ಆಗ ಸಣ್ಣೇಗೌಡ ಬೇಕೆಂದೇ ತಪ್ಪು ದಾರಿ ಹಿಡಿಯುತ್ತಿದ್ದ, ಅವಳು ಇನ್ನೊಂದು ಮಾತು ಆಡಲಿ ಎಂದು. ಮನುಷ್ಯ ಅಷ್ಟರಮಟ್ಟಿಗೆ ಒಂಟಿಯಾಗಿದ್ದ.

ಈಗ ಮಟ್ಟೆಯ ರಾಶಿಯಿಂದ ಅವನು ತೆವಳಿಕೊಂಡು ಇಳಿಯುವಷ್ಟರಲ್ಲಿ ಅಂಗಳದ ಯಜಮಾನ ದೇವರಾಜನ್ ಲುಂಗಿ ಎತ್ತಿ ಕಟ್ಟಿಕೊಂಡು ಓಡಿಬಂದ. ಐವತ್ತರ ಗಟ್ಟಿ ಆಳು. “ಯೋವ್, ಕಣ್ಣ್ ತೆರಿಯಲಿಯಾ?” ಎಂದು, ಅಂದರೆ ಕಣ್ಣು ಕಾಣಲ್ವಾ ಎಂದು, ತಮಿಳಿನಲ್ಲಿ ಗದರಿದವನು, ಮನೆಯ ಕಡೆ ತಿರುಗಿ ಕೂಗಿದ: “ಅವ್ವಾ! ಯಾರೋ ಬಂಡಿ ತಂದು ನಮ್ಮ ಮಟ್ಟೆ ಒಳಕ್ಕೆ ಬಿಟ್ಟವ್ರೆ, ಬಂದು ನೋಡು!”

ಸಣ್ಣೇಗೌಡನ ಕಿವಿ ನಿಮಿರಿತು. “ಅಣ್ಣಾ! ಕನ್ನಡ! ನೀವು ಕನ್ನಡ ಮಾತಾಡ್ತೀರಾ?”

“ಮನೇಲಿ ಇನ್ನೇನು ಮಾತಾಡೋದು?” ಅಂದ ದೇವರಾಜನ್. ತಲೆತಲಾಂತರದಿಂದ ಅಲ್ಲೇ ನೆಲೆಸಿದ ಒಕ್ಕಲು ಮನೆತನ ಅವರದು. ಹೊರಗೆಲ್ಲ ತಮಿಳು, ಹೊಸ್ತಿಲು ದಾಟಿ ಒಳಬಂದರೆ ಕನ್ನಡ, ಮಾತಿನ ತುದಿಗೆ ಮಾತ್ರ ತಮಿಳಿನ ಮರ್ಯಾದೆಯ ‘ಉಂಗ’. ಸಣ್ಣೇಗೌಡನಿಗೆ ಅವನನ್ನು ತಬ್ಬಿಕೊಳ್ಳುವಷ್ಟು ಸಂತೋಷವಾಯಿತು. ಗುದ್ದಿದ್ದಕ್ಕೆ ಕ್ಷಮೆ ಕೇಳುವುದನ್ನು ಮರೆತು, “ಇನ್ನೊಂದ್ಸಲ ಬಯ್ಯಿ ಅಣ್ಣಾ, ಕೇಳಣ” ಅಂದ. ದೇವರಾಜನ್ ಇವನ ತಲೆಗೆ ಪೆಟ್ಟು ಬಿದ್ದಿದೆ ಎಂದು ತಿಳಿದು ನೀರು ತರಿಸಿದ.

ನೀರಿನ ಹಿಂದೆಯೇ ಕಾಳಿಯಮ್ಮ ಬಂದಳು. ದೇವರಾಜನ್‌ನ ತಾಯಿ, ಎಪ್ಪತ್ತು ದಾಟಿದ ಹಣ್ಣು ಜೀವ, ನಾಲಿಗೆ ಮಾತ್ರ ಎಳೆಯದು. ಅವಳು ಮೊದಲು ನೋಡಿದ್ದು ವ್ಯಾನಿನ ಬೆನ್ನ ಮೇಲೆ ಅರ್ಧ ಅಳಿಸಿಹೋಗಿದ್ದ ಅಕ್ಷರಗಳನ್ನು.

“ಇದೇನು ಬರ್ದಿರೋದು?”

“ಶಾಲಾ ವಾಹನ ಅಂತ ಕಣವ್ವ. ಕನ್ನಡ.”

“ನಾವು ಮಾತಾಡೋದು ಇದೇನಾ?” ಎಂದು ಕಾಳಿಯಮ್ಮ ಆ ಅಕ್ಷರಗಳ ಮೇಲೆ ಕೈ ಸವರಿದಳು. “ಹುಟ್ಟಿದಾಗಿಂದ ಆಡ್ತಿದೀವಿ, ಮೊಕ ನೋಡಿದ್ದು ಇವತ್ತೇ. ಜಿಲೇಬಿ ಸುತ್ತಿದಂಗೆ ಚೆಂದಾಗಿದೆ.” ಆಮೇಲೆ ಕಾಫಿ ಲೋಟವನ್ನು ಕೈಯಲ್ಲೇ ಹಿಡಿದು ವಿಚಾರಣೆಗೆ ನಿಂತಳು. “ಯಾವೂರು? ಯಾವ ಜನ? ಹೆಂಡ್ತಿ ಮಕ್ಳು?”

“ಕೆ.ಆರ್. ಪೇಟೆ ಕಣವ್ವ. ಗೌಡ್ರು. ಮದುವೆ ಆಗ್ಲಿಲ್ಲ.”

“ಯಾಕೆ?”

“ಆಗ್ಲಿಲ್ಲ, ಅಷ್ಟೆ.”

“ಪಾವಂ, ಪಾಪ” ಎಂದು ಅವಳು ನಿಟ್ಟುಸಿರುಬಿಟ್ಟಳು. ಲೋಟ ಇನ್ನೂ ಅವಳ ಕೈಯಲ್ಲೇ ಇತ್ತು. “ಮನೆದೇವ್ರು ಯಾವ್ದುಂಗ? ನಮ್ದು ಮಳಲಮ್ಮ. ನಮ್ಮ ಹಿರೀಕರು ನಿಮ್ಮ ಸೀಮೆಯಿಂದ ಇಳಿದು ಬರೋವಾಗ ಬುಟ್ಟೀಲಿ ಅವಳ ಕಲ್ಲು ಹೊತ್ಕೊಂಡು ಬಂದ್ರಂತೆ. ಆ ಕಡೆ ಮಳಲಮ್ಮನ ಒಕ್ಕಲು ಇನ್ನೂ ಇದಾರಾ ಅಂತ ಕಂಡೋರನ್ನೆಲ್ಲ ಕೇಳ್ತೀನಿ. ಒಬ್ಬರೂ ಸಿಕ್ಕಿಲ್ಲ. ನಿಮ್ದು ಯಾವ್ದು?”

ಸಣ್ಣೇಗೌಡನ ಮನೆದೇವರು ಭೈರವ. ಮಳಲಮ್ಮನ ಹೆಸರನ್ನು ಅವನು ಜನ್ಮದಲ್ಲಿ ಕೇಳಿರಲಿಲ್ಲ. ಭೈರವ ಎಂದು ಹೇಳಿದ್ದರೆ ‘ಓ, ಸರಿ’ ಎಂದು ಲೋಟ ಕೈಗೆ ಬರುತ್ತಿತ್ತು, ಕಾಫಿ ಕುಡಿದು ದಾರಿ ಹಿಡಿಯಬೇಕಿತ್ತು. ಆದರೆ ಮುದುಕಿ ಅಷ್ಟು ಆಸೆಯಿಂದ ನೋಡುತ್ತಿದ್ದಳು. ತಾಯಿ ಹೋದಮೇಲೆ ಅವನನ್ನು ‘ನೀನು ಯಾರವನು’ ಎಂದು ಯಾರೂ ಕೇಳಿರಲಿಲ್ಲ. ಅವನ ಬಾಯಿ ಅವನನ್ನು ಕೇಳದೇ ತೆರೆಯಿತು.

“ನಮ್ದೂ ಅದೇ ಕಣವ್ವ. ಮಳಲಮ್ಮ.”

ಕಾಳಿಯಮ್ಮನ ಕೈಯ ಕಾಫಿ ಅರ್ಧ ಚೆಲ್ಲಿತು. “ದೇವರಾಜಾ! ಪಂಗಾಳಿ ಕಣೋ! ನಮ್ಮ ಪಂಗಾಳಿ ಬಂದವ್ನೆ!” ಪಂಗಾಳಿ ಎಂದರೆ ಒಂದೇ ದೇವರ ಒಕ್ಕಲು, ಅಣ್ಣತಮ್ಮ, ರಕ್ತದ ಪಾಲುಗಾರ. ನೋಡನೋಡುತ್ತ ‘ನೀವು’ ಹೋಗಿ ‘ನೀನು’ ಆಯಿತು, ‘ನೀನು’ ಕೂಡ ಸಾಲದೆ ಮುದ್ದಿನ ‘ಕಣ್ಣು’ ಆಯಿತು. ಮುದುಕಿ ಅವನ ಎರಡೂ ಕೆನ್ನೆ ಹಿಡಿದು ನೆಟಿಗೆ ಮುರಿದಳು.

“ಅಲ್ಲಿ ಗುಡಿ ಹೆಂಗಿದೆ ಕಣ್ಣು?”

“ದೊಡ್ಡದು ದೊಡ್ಡವ್ವ.”

“ಎಷ್ಟು ದೊಡ್ಡದು?”

“ಮುಂದೆ ಹುಣಸೇಮರ ಐತೆ.”

“ಹುಣಸೇಮರ! ನಮ್ಮ ತಾತ ಹೇಳ್ತಿದ್ದ!” ಎಂದು ಕಾಳಿಯಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. “ಸಾಯೋಕೆ ಮುಂಚೆ ಒಂದ್ಸಲ ಕರ್ಕೊಂಡ್ ಹೋಗು ಕಣ್ಣು.” ಸಣ್ಣೇಗೌಡ ‘ಆಗಲಿ’ ಅಂದುಬಿಟ್ಟ. ಮಾಡುತ್ತಿರುವುದು ತಪ್ಪೆಂದು ಗೊತ್ತಿದ್ದರೂ, ಯಾರೋ ಒಬ್ಬರು ತನ್ನ ಕೆನ್ನೆ ಹಿಡಿದರಲ್ಲ ಎಂಬ ಸುಖ ಅದಕ್ಕಿಂತ ಹೆಚ್ಚಾಗಿತ್ತು.

ಇನ್ನು ವ್ಯಾನಿನ ಕತೆ. ರಿಪೇರಿ ಸಣ್ಣೇಗೌಡನಿಗೆ ಹೊಸದಲ್ಲ. ಮಟ್ಟೆಯಿಂದ ವ್ಯಾನನ್ನು ಹಿಂದಕ್ಕೆ ತಳ್ಳಿಸಿ, ಜಾಕ್ ಕೊಟ್ಟು, ಹಿಂದಿನ ಎಡಗಡೆ ಚಕ್ರ ಬಿಚ್ಚಿ ನೋಡಿದರೆ ಒಳಗಿನ ರಬ್ಬರ್ ವಾಷರ್ ಹರಿದು ಬ್ರೇಕ್ ಆಯಿಲ್ ಎಲ್ಲ ಸೋರಿಹೋಗಿತ್ತು. ಹಳೇ ವ್ಯಾನಿನಲ್ಲಿ ಒಂದು ಚಕ್ರದ ಕಡೆ ಸೋರಿದರೆ ನಾಲ್ಕೂ ಚಕ್ರ ಸಂಪು ಹೂಡುತ್ತವೆ. ದೇವರಾಜನ್ “ತಮ್ಮನ ಬಂಡಿ, ಬಿಟ್ಟುಬಿಡಕ್ಕಾಗುತ್ತಾ?” ಎಂದು ಬೈಕ್ ಹತ್ತಿ ಉಡುಮಲೈಗೆ ಹೋಗಿ, ಅಂಗಡಿಯೊಂದರ ಮೇಲಿನ ಅಟ್ಟದಿಂದ ಧೂಳು ಹಿಡಿದ ವಾಷರ್ ಹುಡುಕಿಸಿ, ಒಂದು ಡಬ್ಬ ಬ್ರೇಕ್ ಆಯಿಲ್ ಸಮೇತ ತಂದ.

ಅವನು ಹೋಗಿ ಬರುವುದರೊಳಗೆ ಊರಿನ ಇಬ್ಬರು ಕನ್ನಡ ಮನೆಮಾತಿನ ಮೇಧಾವಿಗಳು ಹಾಜರಾಗಿದ್ದರು. ಒಬ್ಬ ಲೋಗನಾಥನ್, ಬಸ್ ಓಡಿಸಿ ನಿವೃತ್ತನಾದವನು. ಇನ್ನೊಬ್ಬ ದೊರೈಸಾಮಿ, ಬಾವಿಯ ಮೋಟಾರು ರಿಪೇರಿಯವನು. ಇಬ್ಬರಿಗೂ ಕೆಲಸವಿರಲಿಲ್ಲ, ಅಭಿಪ್ರಾಯವಿತ್ತು.

“ಬ್ರೇಕ್ ಆಯಿಲ್ ಯಾತಕ್ಕುಂಗ? ಹರಳೆಣ್ಣೆ ಹಾಕಿ” ಅಂದ ದೊರೈಸಾಮಿ.

“ಹರಳೆಣ್ಣೆ ನೀನು ಕುಡಿ, ನಿನ್ನ ಹೊಟ್ಟೆ ಸರಿಹೋಗುತ್ತೆ” ಅಂದ ಲೋಗನಾಥನ್. “ನನ್ನ ಸರ್ವೀಸಿನಲ್ಲಿ ಬ್ರೇಕೇ ಮುಟ್ತಿರಲಿಲ್ಲ. ಗೇರಿನಲ್ಲೇ ನಿಲ್ಲಿಸ್ತಿದ್ದೆ.”

“ಆಮಾ, ನಿಲ್ಲಿಸ್ತಿದ್ರಿ. ಟೀ ಅಂಗಡಿ ಒಳಗೆ ಹೋಗಿ.”

ಸಣ್ಣೇಗೌಡ ಅವರ ಜಗಳದ ಕೆಳಗೆ ಮಲಗಿ ಹೊಸ ವಾಷರ್ ಹಾಕಿದ, ಬ್ರೇಕ್ ಶೂ ಒರೆಸಿದ, ಡ್ರಮ್ ಮುಚ್ಚಿದ, ಆಯಿಲ್ ತುಂಬಿಸಿದ. ಅಷ್ಟೂ ಒಬ್ಬನೇ. ಇಲ್ಲಿಂದ ಮುಂದಿನದು ಮಾತ್ರ ಒಬ್ಬನ ಕೈಯಲ್ಲಿ ಆಗುವ ಕೆಲಸವಲ್ಲ. ಆಯಿಲ್ ಪೈಪಿನೊಳಗೆ ಸೇರಿದ ಗಾಳಿಯನ್ನು ತೆಗೆಯಬೇಕು. ಅದಕ್ಕೆ ಒಬ್ಬರು ಮೇಲೆ ಕೂತು ಪೆಡಲ್ಲು ತುಳಿದು ಹಿಡಿದಿರಬೇಕು, ಇನ್ನೊಬ್ಬರು ಕೆಳಗೆ ಚಕ್ರದ ಬಳಿ ನಿಪ್ಪಲ್ ಸಡಿಲಿಸಿ ಗಾಳಿ ಬಿಡಬೇಕು. ನಿಪ್ಪಲ್ ಬಿಗಿಯಾಗುವ ತನಕ ಮೇಲಿನವರು ಕಾಲು ತೆಗೆಯಬಾರದು. ತೆಗೆದರೆ ಹೋದ ಗಾಳಿ ವಾಪಸು ಬಂದು ಕೂರುತ್ತದೆ. ಇಷ್ಟು ದೂರ ಒಬ್ಬನೇ ಬಂದವನಿಗೆ ದೇವರು ಹುಡುಕಿ ಹುಡುಕಿ ಇದೇ ಕೆಲಸ ಕೊಟ್ಟಿದ್ದ.

ಮೊದಲು ಲೋಗನಾಥನ್ ಹತ್ತಿ ಕೂತ. ಸ್ಟೀರಿಂಗ್ ಸಿಕ್ಕಿದ ಕೂಡಲೇ ಅವನಿಗೆ ಹಳೇ ಸರ್ವೀಸು ಮೈಮೇಲೆ ಬಂತು. “ತುಳೀರಿ” ಅಂದರೆ ಹಾರನ್ ಹೊಡೆದ, “ಹಿಡ್ಕಳಿ” ಅಂದರೆ ಗೇರು ಬದಲಾಯಿಸಿದ, ಧಾರಾಪುರದ ರಸ್ತೆಯಲ್ಲಿ ತನಗೆ ಎದುರಾದ ಆನೆಯ ಕತೆ ಶುರುಮಾಡಿದ. ಆನೆ ಸೊಂಡಿಲು ಎತ್ತಿದ ಜಾಗಕ್ಕೆ ಬಂದಾಗ ಅಭಿನಯಕ್ಕೆಂದು ಪೆಡಲ್ಲಿನಿಂದ ಕಾಲು ಎತ್ತಿದ. ಗಾಳಿಯೆಲ್ಲ ಒಳಗೆ ಹೋಯಿತು.

ಆಮೇಲೆ ದೊರೈಸಾಮಿ. ಅವನು ಬಾವಿಯ ಪಂಪಿಗೆ ನೀರು ಎಳೆಸುವ ಹುಮ್ಮಸ್ಸಿನಲ್ಲಿ ತುಳಿದದ್ದೇ ತುಳಿದದ್ದು. ಕೆಳಗಿನಿಂದ ಸಣ್ಣೇಗೌಡ “ಸಾಕು, ಹಿಡ್ಕಳಪ್ಪಾ, ಹಿಡ್ಕ!” ಎಂದು ಕೂಗಿಕೊಂಡ. ದೊರೈಸಾಮಿ ಲೋಗನಾಥನ್‌ಗೆ ಯಾವುದೋ ಉತ್ತರ ಕೊಡುವುದರಲ್ಲಿದ್ದ. ನಿಪ್ಪಲಿನಿಂದ ಆಯಿಲ್ ಚಿಮ್ಮಿ ಸಣ್ಣೇಗೌಡನ ಮುಖ, ಮೀಸೆ, ಬಾಯಿ ಎಲ್ಲವನ್ನೂ ತೋಯಿಸಿತು.

“ಬಂತಾಂಗ?” ಎಂದು ದೊರೈಸಾಮಿ ಮೇಲಿನಿಂದ ಕೇಳಿದ.

“ಬಂತು” ಎಂದು ಸಣ್ಣೇಗೌಡ ಉಗುಳಿದ.

ದೇವರಾಜನ್ ಕೂಡ ಒಂದು ಕೈ ನೋಡಿದ. ಅವನ ಫೋನು ಗಳಿಗೆಗೊಮ್ಮೆ ಬಡಿದುಕೊಳ್ಳುತ್ತಿತ್ತು, ಬಡಿದುಕೊಂಡಾಗಲೆಲ್ಲ ಎದ್ದು ನಿಂತು ಮಾತಾಡುವುದು ಅವನ ಅಭ್ಯಾಸ. ಬಿಸಿಲು ನೆತ್ತಿಗೇರಿತು. ಸಣ್ಣೇಗೌಡ ವ್ಯಾನಿನಡಿ ಅಂಗಾತ ಮಲಗಿ ಸುಮ್ಮನೆ ತುಕ್ಕು ನೋಡಿದ. ಸುತ್ತ ಇಷ್ಟು ಜನ ಇದ್ದಾರೆ, ಒಂದು ಪೆಡಲ್ಲು ತುಳಿದು ಹಿಡಿದುಕೊಳ್ಳುವವರಿಲ್ಲವಲ್ಲ ಎಂದು ಅವನಿಗೆ ಅಳು ಬಂದಂತಾಯಿತು.

ಆಗ ಗೇಟಿನ ಹೊರಗೆ ಒಂದು ಹಾರನ್ ಕೇಳಿಸಿತು. ಈ ಕಡೆ ಕುಟ್ಟಿಯಾನೆ ಎಂದು ಕರೆಯುವ ಚಿಕ್ಕ ಸಾಮಾನು ಗಾಡಿ, ಮೇಲೆ ಮಟ್ಟೆಯ ಹೊರೆ. ದಾರಿಗೆ ಅಡ್ಡ ವ್ಯಾನು. ಹಾರನ್ ಬಡಿದು ಬಡಿದು ಸಾಕಾಗಿ ಗಾಡಿಯಿಂದ ಒಬ್ಬ ಹೆಂಗಸು ಇಳಿದಳು. ನಲವತ್ತರ ಆಸುಪಾಸು, ಸೀರೆಯ ಮೇಲೆ ಗಂಡಸರ ತುಂಬುತೋಳಿನ ಷರಟು, ತಲೆಗೆ ಟವೆಲ್ಲು. ಸಣ್ಣೇಗೌಡನಿಗೆ ವ್ಯಾನಿನಡಿಯಿಂದ ಕಂಡದ್ದು ಮಣ್ಣು ಮೆತ್ತಿದ ಎರಡು ಚಪ್ಪಲಿ ಮಾತ್ರ.

“ಎಷ್ಟೊತ್ತುಂಗ ಇದು? ಸಂಜೆಗೆ ಇನ್ನೊಂದು ಲೋಡು ತರ್ಬೇಕು ನಾನು” ಅಂದಿತು ಚಪ್ಪಲಿ.

“ಗಾಳಿ ತೆಗೀಬೇಕು. ತುಳಿದು ಹಿಡ್ಕಳೋರು ಒಬ್ಬರೂ ಇಲ್ಲ” ಅಂದ ಸಣ್ಣೇಗೌಡ. ಅವನ ದನಿಯಲ್ಲಿ ಇದ್ದದ್ದು ಬ್ರೇಕಿನ ದುಃಖ ಮಾತ್ರವಾಗಿರಲಿಲ್ಲ.

“ಇಷ್ಟೇನಾ?” ಚಪ್ಪಲಿಗಳು ವ್ಯಾನು ಹತ್ತಿದವು. “ಲೋಗಣ್ಣಾ, ಇಳೀರಿ. ದೊರೈಸಾಮಿಯಣ್ಣಾ, ಬಾಯಿ ಮುಚ್ಚಿ. ಹೂಂ, ಹೇಳಿಂಗ.”

“ತುಳೀರಿ.”

“ತುಳ್ದೆ.”

“ಇನ್ನೊಂದ್ಸಲ. ಇನ್ನೊಂದ್ಸಲ. ಹಿಡ್ಕಳಿ.”

“ಹಿಡ್ದಿದೀನಿ.”

ನಿಪ್ಪಲ್ ಸಡಿಲಿಸಿದ. ಗುಳುಗುಳು ಎಂದು ಗಾಳಿ ಹೊರಬಂತು. ಬಿಗಿ ಮಾಡಿದ. “ಬುಡಿ.”

“ಬಿಟ್ಟೆ.”

ಹೀಗೆ ಒಂದು ಚಕ್ರ ಮುಗಿದು ಇನ್ನೊಂದಕ್ಕೆ, ಅದು ಮುಗಿದು ಮತ್ತೊಂದಕ್ಕೆ. ಅವನು ಹೇಳುವುದು, ಅವಳು ಮಾಡುವುದು, ಮಾಡಿದೆ ಎಂದು ತಿಳಿಸುವುದು. ಒಂದು ಹೆಚ್ಚಿನ ಮಾತಿಲ್ಲ, ಒಂದು ಕಡಿಮೆಯ ಮಾತಿಲ್ಲ. ಸಣ್ಣೇಗೌಡನಿಗೆ ಜನ್ಮದಲ್ಲಿ ಯಾರ ಜೊತೆಗೂ ಇಷ್ಟು ಸಲೀಸಾಗಿ ಮಾತುಕತೆ ನಡೆದಿರಲಿಲ್ಲ. ನಾಲ್ಕನೇ ಚಕ್ರದಲ್ಲಿ ಗಾಳಿ ಪೂರ್ತಿ ಮುಗಿದಿತ್ತು. ಆದರೂ ಅವನು “ಇನ್ನೊಂದ್ಸಲ ತುಳೀರಿ” ಅಂದ.

“ಗಾಳಿ ಇದೆಯಾಂಗ ಇನ್ನೂ?”

“ವಸಿ ಐತೆ ಅನ್ಸುತ್ತೆ” ಎಂದು ಸಣ್ಣೇಗೌಡ ಸುಳ್ಳು ಹೇಳಿದ. ಅಂದು ಅವನ ನಾಲಿಗೆಗೆ ಅಭ್ಯಾಸವಾಗಿಬಿಟ್ಟಿತ್ತು.

“ಪೆಡಲ್ಲು ಕಲ್ಲಾಗಿದೆ. ನಾನೂ ದಿನಾ ಗಾಡಿ ಓಡ್ಸೋಳೇ” ಎಂದು ಅವಳು ಕಿಟಕಿಯಿಂದ ತಲೆ ಹಾಕಿ ಕೆಳಗೆ ನೋಡಿದಳು. ಆಯಿಲ್ಲು, ಮಣ್ಣು, ತೆಂಗಿನ ನಾರು ಮೆತ್ತಿಕೊಂಡ ಅವನ ಮುಖ ಕಂಡು ನಕ್ಕುಬಿಟ್ಟಳು. ಆ ನಗೆ ನೋಡಿದ ಸಣ್ಣೇಗೌಡನಿಗೆ ಎದ್ದು ಕೂರಬೇಕೆನಿಸಿತು. ಎದ್ದ. ತಲೆ ವ್ಯಾನಿನ ತಳಕ್ಕೆ ಬಡಿಯಿತು.

ಊಟಕ್ಕೆ ಕೂತಾಗ ದೇವರಾಜನ್ ಅವನನ್ನು ಪಕ್ಕದಲ್ಲೇ ಕೂರಿಸಿಕೊಂಡ. ಪಂಗಾಳಿಗಳ ಪಂಕ್ತಿ ಒಂದೇ ತಾನೇ. ಬಿಸಿ ಮುದ್ದೆ, ಹುರುಳಿ ಸಾರು. ಬಡಿಸಲು ಬಂದದ್ದು ಅದೇ ಹೆಂಗಸು, ಮುಖ ತೊಳೆದು, ಷರಟು ತೆಗೆದು. ಸಣ್ಣೇಗೌಡ ಅವಳನ್ನು ಕಾರ್ಖಾನೆಯ ಡ್ರೈವರಮ್ಮ ಎಂದು ತಿಳಿದಿದ್ದ. ಮುದ್ದೆ ಮುರಿಯುವ ಕೈ ಅಲ್ಲೇ ನಿಂತಿತು.

“ಗೋಕಿಲಾ, ನನ್ನ ಮಗಳು ಕಣ್ಣು” ಅಂದಳು ಕಾಳಿಯಮ್ಮ. “ಗೋಕಿಲಾ, ಇವನು ನಿನಗೆ ಅಣ್ಣ. ಮಳಲಮ್ಮನೇ ಕಳಿಸಿದ ಅಣ್ಣ. ಇನ್ನೊಂದು ಮುದ್ದೆ ಹಾಕು.”

ಗೋಕಿಲಾ ಒಂದು ಗಳಿಗೆ ಅವನನ್ನು ನೋಡಿ, ಮುದ್ದೆ ಹಾಕಿದಳು. “ಹಾಕಿಸ್ಕಳಿ ಅಣ್ಣಾ” ಅಂದಳು. 

ಮುದ್ದೆಯನ್ನು ಅಗಿಯದೆ ನುಂಗಬೇಕೆಂದು ಹುಟ್ಟಿದಂದಿನಿಂದ ಬಲ್ಲವನು ಅಂದು ಅದನ್ನು ಜಗಿದ. ದೇವರಾಜನ್ “ಮೇಲ್ನಾಡಿನೋರು ಹಿಂಗೇನಾ ತಿನ್ನೋದು?” ಎಂದು ಆಶ್ಚರ್ಯಪಟ್ಟ. ಬೇರೆ ಏನಾದರೂ ಹೇಳಿದ್ದರೆ, ಭೈರವನನ್ನೇ ಹೇಳಿದ್ದರೆ, ಎಂದು ಸಣ್ಣೇಗೌಡನ ತಲೆ ತಿರುಗತೊಡಗಿತು. ಹೇಳಿಬಿಡಲೇ? ಹೇಳಿದರೆ ಮುದುಕಿ ಏನೆಂದುಕೊಂಡಾಳು? ಅಲ್ಲದೆ ಹೇಳಿ ತಾನೇ ಏನು, ಅವಳು ತನ್ನನ್ನು ಏನೆಂದು ನೋಡಿದ್ದಾಳೋ ಯಾರಿಗೆ ಗೊತ್ತು? ಹೀಗೆ ಯೋಚಿಸುತ್ತ ಅವನು ನಾಲ್ಕು ಮುದ್ದೆ ಜಗಿದು ಮುಗಿಸಿದ.

ಬಿಸಿಲು ಇಳಿಯುವ ಹೊತ್ತಿಗೆ ವ್ಯಾನು ಸಿದ್ಧವಾಯಿತು. ಬ್ರೇಕ್ ಪರೀಕ್ಷೆಗೆಂದು ಅಂಗಳದಲ್ಲಿ ಒಂದು ಸುತ್ತು ಓಡಿಸಿ ತುಳಿದರೆ, ವ್ಯಾನು ತುಳಿದ ಜಾಗದಲ್ಲೇ ನಿಂತಿತು. ಒಳಗೆ ನಿಂತು ಸಲಹೆ ಕೊಡುತ್ತಿದ್ದ ಲೋಗನಾಥನ್ ಮಾತ್ರ ನಿಲ್ಲಲಿಲ್ಲ, ಮುಂದಿನ ಗಾಜಿನವರೆಗೆ ಹೋಗಿ ಬಂದ. ಕಾಳಿಯಮ್ಮ ಕರ್ಪೂರ ಹಚ್ಚಿದಳು. ಚಕ್ರಗಳ ಕೆಳಗೆ ನಿಂಬೆಹಣ್ಣು ಇಟ್ಟಳು. ಸಣ್ಣೇಗೌಡ ಅವಳ ಕಾಲಿಗೆ ಬಿದ್ದ. ಎತ್ತಿ ನಿಲ್ಲಿಸುತ್ತ ಅವಳು ಅವನನ್ನು ಬೇವಿನ ಮರದ ಕಡೆ ಎಳೆದುಕೊಂಡು ಹೋದಳು.

“ಒಂದು ಮಾತು ಕಣ್ಣು. ಗೋಕಿಲಾಗೆ ನಿಮ್ಮ ಕಡೆ ಯಾರಾದ್ರೂ ಗಂಡು ಇದ್ರೆ ನೋಡು. ಅವಳಪ್ಪ ಹಾಸಿಗೆ ಹಿಡಿದ, ಅವನನ್ನ ನೋಡ್ಕೊಳ್ತಾ ಇವಳ ವಯಸ್ಸು ಹೋಯ್ತು. ಬಂದೋರನ್ನೆಲ್ಲ ಬೇಡ ಅಂತಾಳೆ. ಇವತ್ತು ಅಡುಗೆಮನೇಲಿ ಏನಂದ್ಳು ಗೊತ್ತಾ? ‘ಇಂಥ ಮನುಷ್ಯ ಬಂದಿದ್ರೆ ಹೂಂ ಅಂತಿದ್ದೆ ಅವ್ವಾ’ ಅಂದ್ಳು. ಮೊದಲ್ನೇ ಸಲ ಕಣ್ಣು, ಅವಳ ಬಾಯಲ್ಲಿ ಹೂಂ ಅಂತ ಬಂದಿದ್ದು. ನೀನು ಬೇರೆ ಯಾವ ದೇವ್ರ ಒಕ್ಕಲಾಗಿದ್ರೂ ಇವತ್ತೇ ನಿನಗೆ ಕೈ ಹಿಡಿಸಿ ಕಳಿಸ್ತಿದ್ದೆ. ಏನ್ ಮಾಡೋದು, ನಮ್ಮ ಮಳಲಮ್ಮನೇ ಆಗೋಯ್ತು.”

ಸಣ್ಣೇಗೌಡನ ಕಾಲು ನೆಲದ ಮೇಲೆ ಇರಲಿಲ್ಲ. “ದೊಡ್ಡವ್ವ, ಅಲ್ಲ, ಅತ್ತೆ, ಅಲ್ಲ, ಅಮ್ಮಾ!” ಎಂದು ಅವನು ಸಂಬಂಧಗಳನ್ನೆಲ್ಲ ಒಂದೇ ಉಸಿರಿಗೆ ದಾಟಿದ. “ತಪ್ಪಾಗೋಯ್ತು! ನಾನು ಮಳಲಮ್ಮನ ಒಕ್ಕಲಲ್ಲ! ನಮ್ಮ ಮನೆದೇವ್ರು ಭೈರವ! ಸುಳ್ಳು ಹೇಳ್ದೆ! ನಿಮ್ಮ ಮನೆ ಹೊಸ್ತಿಲಲ್ಲಿ ಕನ್ನಡ ಕೇಳಿ, ನಾನೂ ನಿಮ್ಮೋನೇ ಆಗ್ಬೇಕು ಅಂತ ಆಸೆಯಾಗಿ ಹೇಳ್ಬುಟ್ಟೆ. ಯಾರೂ ಇಲ್ಲ ಕಣವ್ವ ನಂಗೆ. ಗೋಕಿಲಾನ ನಂಗೆ ಕೊಡಿ!”

ಕೂಗಿಗೆ ಎಲ್ಲರೂ ಬಂದರು. ದೇವರಾಜನ್, ಲೋಗನಾಥನ್, ದೊರೈಸಾಮಿ, ಗೋಕಿಲಾ.

“ಹುಣಸೇಮರ?” ಅಂದಳು ಕಾಳಿಯಮ್ಮ.

ಸಣ್ಣೇಗೌಡ ತಲೆ ತಗ್ಗಿಸಿದ. ಮುದುಕಿಯ ಮುಖ ಸಣ್ಣದಾಯಿತು. ಅದನ್ನು ನೋಡುವುದಕ್ಕಿಂತ ಬೆಳಿಗ್ಗೆ ಬ್ರೇಕಿಲ್ಲದೆ ಸೀದಾ ಹೋಗಿಬಿಟ್ಟಿದ್ದರೆ ಚೆನ್ನಾಗಿತ್ತು ಎಂದು ಅವನಿಗೆ ನಿಜವಾಗಿ ಅನ್ನಿಸಿತು.

“ದೇವ್ರ ಹೆಸರಲ್ಲಿ ಸುಳ್ಳು ಹೇಳಿದೋರು ನೀವು” ಎಂದು ಅವಳು ನಿಧಾನವಾಗಿ ಅಂದಳು. ‘ಕಣ್ಣು’ ಹೋಗಿ ‘ನೀವು’ ವಾಪಸು ಬಂದಿತ್ತು. “ಅಂದ್ಮೇಲೆ ಹೆಂಡ್ತಿ ಇಲ್ಲ ಅಂದಿದ್ದು ನಿಜ ಅಂತ ನಾನು ಹೆಂಗ್ ನಂಬಲಿ?”

“ಅಯ್ಯೋ, ಅದು ನಿಜ ಕಣವ್ವ! ಮದುವೆಯಾಗಿಲ್ಲ!”

“ಬೆಳಿಗ್ಗೆ ಮಳಲಮ್ಮಾನೂ ನಿಜ ಅಂತಲೇ ಅಂದ್ರಿ” ಅಂದ ದೇವರಾಜನ್. ಅವನ ದನಿಯಲ್ಲಿ ತಮ್ಮನನ್ನು ಕಳೆದುಕೊಂಡ ಬೇಸರವಿತ್ತು.

ಲೋಗನಾಥನ್‌ಗೆ ಇಡೀ ದಿನದಲ್ಲಿ ಮೊದಲ ಬಾರಿಗೆ ಕೆಲಸ ಸಿಕ್ಕಿತು. ಗಾಜಿಗೆ ಬಡಿದು ಊದಿದ ಮೂಗನ್ನು ಒತ್ತಿಕೊಂಡು ವ್ಯಾನಿನ ಹಿಂಬಾಗಿಲು ತೆರೆದ. “ಬಂದು ನೋಡಿಂಗ! ಎರಡು ತಟ್ಟೆ! ಎರಡು ದಿಂಬು! ಎರಡು ಮಡಚೋ ಕುರ್ಚಿ! ಮದುವೆಯಿಲ್ಲದೋನಿಗೆ ಎರಡನೇ ದಿಂಬು ಯಾತಕ್ಕುಂಗ?”

“ಅದು ಗೆಳೆಯರಿಗೆ ಅಂತ ತಂದಿದ್ದು! ಅವರು ಬರ್ಲಿಲ್ಲ!”

“ಯಾರೂ ಬರ್ಲಿಲ್ಲವಾ?” ಅಂದ ದೊರೈಸಾಮಿ.

“ಒಬ್ಬರೂ ಬರ್ಲಿಲ್ಲ.”

ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಇಷ್ಟು ದೊಡ್ಡ ವ್ಯಾನು ಇಟ್ಟುಕೊಂಡವನ ಜೊತೆ ಒಬ್ಬರೂ ಬರಲಿಲ್ಲ ಎನ್ನುವುದನ್ನು ಆ ಊರಿನಲ್ಲಿ ಯಾರೂ ನಂಬುವಂತಿರಲಿಲ್ಲ. ಅಲ್ಲಿ ವ್ಯಾನು ಎಂದರೆ ಹೊರಡುವ ಮುಂಚೆ ಜಾಗ ಸಾಲದೆ ಜಗಳವಾಗುವ ವಸ್ತು. ಸಣ್ಣೇಗೌಡ ಅಂದು ಹೇಳಿದ್ದರಲ್ಲೆಲ್ಲ ಅಪ್ಪಟ ಸತ್ಯವಾದ ಮಾತು ಅದೊಂದೇ. ಅದೇ ಎಲ್ಲಕ್ಕಿಂತ ದೊಡ್ಡ ಸುಳ್ಳಾಗಿ ಕೇಳಿಸಿತು.

“ಜಗಳ ಆಡಿ ಬಂದಿದ್ದೀರಿ, ಅಲ್ವಾ?” ಎಂದು ಕಾಳಿಯಮ್ಮ ಕೇಳಿದಳು. ಸಿಟ್ಟು ಅಷ್ಟರಲ್ಲೇ ಕರಗಿತ್ತು, ಆದರೆ ಕರಗಿ ಬೇರೆ ಕಡೆಗೆ ಹರಿದಿತ್ತು. “ಪಾವಂ, ಆ ಹೆಂಗ್ಸು ಯಾವ ಬಾಗಿಲಲ್ಲಿ ಕಾಯ್ತಾ ಕೂತಿದೆಯೋ. ಊರು ಸುತ್ತಿದ್ದು ಸಾಕು. ಪಾಲಕ್ಕಾಡೂ ಬೇಡ, ಕಡಲೂ ಬೇಡ. ನಾಳೆ ಸತ್ಯಮಂಗಲದ ದಾರಿ ಹಿಡಿದು ಮನೆ ಸೇರ್ಕೊಳ್ಳಿ. ಇರಿ, ಬಂದೆ.”

ಅವಳು ಒಳಗೆ ಹೋದಳು. ಸಣ್ಣೇಗೌಡ ಗೋಕಿಲಾಳ ಕಡೆ ನೋಡಿದ. ಅವಳು ಮತ್ತೆ ತೊಟ್ಟ ಷರಟಿನ ತೋಳು ಮಡಚಿಕೊಳ್ಳುತ್ತಿದ್ದಳು. ಇನ್ನೊಂದು ಲೋಡು ತರುವುದಿತ್ತು.

“ನೀವಾದ್ರೂ ನಂಬಿ” ಅಂದ.

ಅವಳು ನಗಲಿಲ್ಲ. “ನಂಬಿದ್ದೆ” ಅಂದಳು. ಗಾಡಿಯ ಬಾಗಿಲು ತೆರೆದು, ಹತ್ತಿ ಕೂತು, ಕೀಲಿ ತಿರುಗಿಸುವ ಮುಂಚೆ ಇನ್ನೊಂದು ಮಾತು ಹೇಳಿದಳು: “ಅತ್ತಿಗೇನ ಕೇಳ್ದೆ ಅಂತ ಹೇಳಿ.” ಕುಟ್ಟಿಯಾನೆ ಗೇಟು ದಾಟಿ ಹೋಯಿತು. ಈಗ ದಾರಿಗೆ ಅಡ್ಡ ಏನೂ ಇರಲಿಲ್ಲ.

ಕಾಳಿಯಮ್ಮ ಬಾಳೆಲೆಯಲ್ಲಿ ಸುತ್ತಿ ಪೇಪರಿನಲ್ಲಿ ಕಟ್ಟಿದ ಎರಡು ಪೊಟ್ಟಣ ತಂದು ಕಿಟಕಿಯಿಂದ ಒಳಗಿಟ್ಟಳು. “ಹುಳಿಯನ್ನ. ನಾಳೆವರೆಗೂ ಕೆಡೋದಿಲ್ಲ. ಒಂದು ನಿಮಗೆ, ಒಂದು ಅವಳಿಗೆ. ದಾರೀಲಿ ಅವಳದನ್ನ ಮುಟ್ಟಬೇಡಿ” ಅಂದಳು. ಸಣ್ಣೇಗೌಡ ವ್ಯಾನು ಚಾಲೂ ಮಾಡಿದ.

ಉಡುಮಲೈ ದಾಟಿ, ಪೊಳ್ಳಾಚಿಯ ದಾರಿಯಲ್ಲಿ ಸಾಲು ತೆಂಗಿನ ತೋಟಗಳು ಶುರುವಾದವು. ಗಾಳಿಯಂತ್ರಗಳು ಒಂದೇ ಸಮನೆ ತಿರುಗುತ್ತಿದ್ದವು. ರಸ್ತೆ ಬಾಣದಂತೆ ನೇರವಾಗಿತ್ತು, ಫೋನಿನ ಹೆಂಗಸು ಉಸಿರೆತ್ತಲಿಲ್ಲ. ಬ್ರೇಕು ಮಾತ್ರ ಬೆರಳಿಟ್ಟರೆ ಹಿಡಿಯುವಂತಿತ್ತು. ಸಣ್ಣೇಗೌಡ ಸುಮ್ಮಸುಮ್ಮನೆ ನಾಲ್ಕಾರು ಸಲ ತುಳಿದು ನೋಡಿದ. ಪ್ರತಿ ಸಲವೂ ‘ತುಳ್ದೆ’ ಎಂಬ ದನಿಗೆ ಕಾದ.

ಒಂದು ಕಾಲುವೆಯ ಬದಿಗೆ ವ್ಯಾನು ನಿಲ್ಲಿಸಿ ತನ್ನ ಪೊಟ್ಟಣ ಬಿಚ್ಚಿದ. ಹಸಿವಿರಲಿಲ್ಲ, ಆದರೂ ತಿಂದ. ತಿಂದು ಮುಗಿಸಿ ಎಡಗಡೆ ಸೀಟಿನ ಮೇಲಿದ್ದ ಇನ್ನೊಂದು ಪೊಟ್ಟಣ ನೋಡಿದ. ಕತ್ತಲಾಗುವವರೆಗೂ ಅದನ್ನು ಮುಟ್ಟಬಾರದೆಂದು ತಡೆದುಕೊಂಡ. ಆಮೇಲೆ, ಯಾರೋ ನೋಡಿಬಿಟ್ಟಾರು ಎನ್ನುವ ಹಾಗೆ ಆಚೀಚೆ ತಿರುಗಿ, ಅದನ್ನೂ ಬಿಚ್ಚಿದ. ತನ್ನ ಪಾಲಿನಲ್ಲಿ ಬರೀ ಅನ್ನವಿತ್ತು. ಹೆಂಡತಿಯ ಪಾಲಿಗೆ ಕಾಳಿಯಮ್ಮ ಎರಡು ಕಜ್ಜಾಯ ಇಟ್ಟಿದ್ದಳು.